ತೊಳೆಯಬಾರದಿದ್ದ ಪೀಪಾಯಿ

ಅಟ್ಟ ಹತ್ತುವ ಮುಂಚೆ ನಮ್ಮ ದೊಡ್ಡಮ್ಮ ಬಲಗಿವಿಯ ಓಲೆ ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಏಣಿ ಹತ್ತಿ, ಪೀಪಾಯಿಯ ಹೊಟ್ಟೆಗೆ ಆ ಬರಿಗಿವಿಯನ್ನು ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ವರ್ಷಗಟ್ಟಲೆ ಒತ್ತಿ ಒತ್ತಿ ಆ ಕಿವಿಯ ಅಂಚು ಹಿಮ್ಮಡಿಯ ಹಾಗೆ ದಪ್ಪಗಾಗಿತ್ತು. ಒಳಗಿನ ದ್ರಾಕ್ಷಿರಸ ಹುದುಗೆದ್ದು ಕುದಿಯುತ್ತಿದೆಯೋ, ತಣ್ಣಗಾಗಿದೆಯೋ, ಕೆಟ್ಟಿದೆಯೋ ಎಂದು ಅವಳಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು. ನಾನು ಏಣಿಯ ಕೆಳಗೆ ನಿಂತು "ಏನು ಕೇಳಿಸ್ತು ದೊಡ್ಡಮ್ಮ?" ಅಂದರೆ, "ನಿನ್ನ ಬಾಯೊಂದೇ ಕೇಳಿಸ್ತಿರೋದು. ಮುಚ್ಕೊಂಡು ನಿಂತ್ಕೋ" ಎನ್ನುತ್ತಿದ್ದಳು.

ಇದು ಅವಳು ಪಾಠ ಹೇಳುತ್ತಿದ್ದ ರೀತಿ. ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಸತ್ತ ಮಾತ್ರಕ್ಕೆ ಮಾಡಿದ್ದೆಲ್ಲ ಮಾಫಿ ಆಗಿಬಿಡುತ್ತದೆಯೇ? ಅವಳಾದರೂ ಯಾರನ್ನು ಮಾಫಿ ಮಾಡಿದ್ದಳು!

ಬೆಂಗಳೂರಿನ ಅಂಚಿನ ಹೇರೋಹಳ್ಳಿಯಲ್ಲಿ ನಮ್ಮ ಮನೆತನದ್ದು ದ್ರಾಕ್ಷಿ ತೋಟ. ಈಗ ಉಳಿದಿರುವುದು ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಅರ್ಧ ಎಕರೆ ಚಪ್ಪರ ಮತ್ತು ಹಂಚಿನ ಹಳೆಯ ಮನೆ. ಎರಡನೆಯ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಇಟಲಿಯ ಸೈನಿಕರನ್ನು ಬೆಂಗಳೂರಿಗೆ ತಂದು ಇಟ್ಟಿದ್ದರಲ್ಲ, ಅವರಲ್ಲೊಬ್ಬ ನಮ್ಮ ಮುತ್ತಾತನ ತೋಟದ ಕೆಲಸಕ್ಕೆ ಬರುತ್ತಿದ್ದನಂತೆ. ಅವನ ಊರಿನಲ್ಲಿ ಅವರದೇ ದ್ರಾಕ್ಷಿ ತೋಟವಿತ್ತು. ತಲೆತಲಾಂತರದಿಂದ ಮನೆಯವರೇ ವೈನ್ ಮಾಡುತ್ತಿದ್ದರು. ಅವನಿಗೆ ಕನ್ನಡ ಬಾರದು, ಮುತ್ತಾತನಿಗೆ ಇಟಲಿ ಭಾಷೆ ಬಾರದು. ಆದರೂ ಕೈಸನ್ನೆಯಲ್ಲೇ ಎಲ್ಲ ಕಲಿಸಿ, ತನ್ನ ಕೈಯಾರೆ ಮಾಡಿದ ಒಂದು ಸಣ್ಣ ಪೀಪಾಯಿಯನ್ನು ಬಿಟ್ಟು ಹೋದ. ಮುತ್ತಾತ ಆ ಕೆಲಸವನ್ನು ಸೊಸೆಗೆ, ಅಂದರೆ ನಮ್ಮಜ್ಜಿಗೆ ಹೇಳಿಕೊಟ್ಟ. ಅಜ್ಜಿ ತನ್ನ ಹಿರಿಸೊಸೆಗೆ ಹೇಳಿಕೊಟ್ಟಳು. ಆ ಹಿರಿಸೊಸೆಯೇ ನಮ್ಮ ದೊಡ್ಡಮ್ಮ.

ಕೆಲಸ ಇಷ್ಟೆ. ನೀಲಿ ದ್ರಾಕ್ಷಿಯ ಗೊಂಚಲುಗಳನ್ನು ಅಟ್ಟದ ಬಿದಿರು ಗಳುಗಳಿಗೆ ಕಟ್ಟಿ ಸುಕ್ಕಾಗುವ ತನಕ ಒಣಗಿಸಬೇಕು. ಹಿಂಡಿದ ರಸವನ್ನು ಪೀಪಾಯಿಗೆ ತುಂಬಿ, ಬಾಯಿ ಮುಚ್ಚಿ, ಅಲ್ಲೇ ಹಂಚಿನ ಕೆಳಗೆ, ಬಿಸಿಲಿಗೂ ಚಳಿಗೂ ಮೂರು ವರ್ಷ ಬಿಡಬೇಕು. ತೆಗೆದಾಗ ಜೇನಿನ ಬಣ್ಣದ ವೈನ್ ಸ್ವಲ್ಪವೇ ಸಿಗುತ್ತದೆ. ಮುಖ್ಯವಾದದ್ದು ಮುಂದಿದೆ: ಪೀಪಾಯಿಯ ತಳದಲ್ಲಿ ಉಳಿಯುವ ಗಸಿಯನ್ನು ಯಾವತ್ತೂ ತೆಗೆಯಬಾರದು. ಮೊಸರಿಗೆ ಹೆಪ್ಪು ಹೇಗೋ ಹಾಗೆ, ಮುಂದಿನ ರಸಕ್ಕೆ ಅದೇ ಹೆಪ್ಪು. ಇಟಲಿಯವನ ಕಾಲದಿಂದ ಒಂದು ಸಲವೂ ಆ ಪೀಪಾಯಿ ಪೂರ್ತಿ ಖಾಲಿಯಾಗಿರಲಿಲ್ಲ.

ಇದು ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ವಿಜಯನಗರದ ನಮ್ಮ ಮನೆಯಿಂದ ಸ್ಕೂಲು ರಜೆಗೆ ಬರುತ್ತಿದ್ದ ಕಾಲದಿಂದ, ನಾಯಂಡಹಳ್ಳಿಯ ಗೋಡೌನಿನಲ್ಲಿ ಕ್ಲರ್ಕ್ ಆಗಿ ಭಾನುವಾರ ಭಾನುವಾರ ಬರುವ ತನಕ, ಹೆಚ್ಚುಕಮ್ಮಿ ಇಪ್ಪತ್ತು ವರ್ಷ ನಾನು ಏಣಿಯ ಕೆಳಗೇ ನಿಂತಿದ್ದೆ. ಕೇಳಿದರೆ, "ನಮ್ಮತ್ತೆ ನನ್ನ ಏಳು ವರ್ಷ ನಿಲ್ಸಿದ್ರು, ನಾನೇನು ಸತ್ತೋದ್ನಾ?" ಎನ್ನುತ್ತಿದ್ದಳು. ತೋಟ ನೋಡಲು ಬಂದವರನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಯಾರೋ ದೊಡ್ಡ ಮನುಷ್ಯರು ಗ್ಲಾಸನ್ನು ಗಿರಗಿರ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಇಂಗ್ಲಿಷಿನಲ್ಲಿ ವರ್ಣಿಸತೊಡಗಿದರು. "ಯಾಕಪ್ಪಾ ಹಂಗೆ ತಿರುಗಿಸ್ತೀಯ? ಮೂರು ವರ್ಷ ಅಲ್ಲಾಡದೆ ಕೂತಿತ್ತು, ತಲೆ ಸುತ್ತುತ್ತೆ ಅದಕ್ಕೆ" ಅಂದಳು. ಅವಳು ಜೀವಮಾನದಲ್ಲಿ ಒಂದು ತೊಟ್ಟೂ ಕುಡಿದವಳಲ್ಲ. ಚೆನ್ನಾಗಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಅಂದರೆ, "ಕುಡ್ದೋರ ಮುಖ ಇಲ್ವಾ, ನೋಡೋಕೆ" ಎನ್ನುತ್ತಿದ್ದಳು.

ಹೆಚ್ಚುಕಮ್ಮಿ ನಾಲ್ಕು ವರ್ಷದ ಹಿಂದೆ, ದಸರೆಗೆ ಮೊದಲು ಪೀಪಾಯಿ ತೆರೆದು ವೈನ್ ಇಳಿಸಿದ್ದಾಗಿತ್ತು. ದೊಡ್ಡಮ್ಮನ ಮಗ, ನಾನು ಅಣ್ಣ ಎಂದು ಕರೆಯುವವನು, ಮನೆಯನ್ನು ಟೂರಿಸ್ಟ್ ಸ್ಪಾಟ್ ಮಾಡಲು ಹೊರಟಿದ್ದ. "ಮುಂದಿನ ವಾರ ಗೆಸ್ಟ್ಸ್ ಬರ್ತಾರೆ ಕಣೇ, ಎಲ್ಲ ಪಳಪಳ ಅನ್ಬೇಕು" ಅಂದ. ಆಯುಧಪೂಜೆಯ ಹಿಂದಿನ ದಿನ ದೊಡ್ಡಮ್ಮ ಯಾರದೋ ನಾಮಕರಣಕ್ಕೆಂದು ಕೆಂಗೇರಿಗೆ ಹೋಗಿದ್ದಳು. ನಮ್ಮಲ್ಲಿ ಆಯುಧಪೂಜೆ ಅಂದರೆ ಸ್ಕೂಟರಿನಿಂದ ಈಳಿಗೆಮಣೆಯ ತನಕ ತೊಳೆಯದೆ ಬಿಡುವ ವಸ್ತುವೇ ಇಲ್ಲ. ನಾನು ಅಟ್ಟ ಹತ್ತಿ ಪೀಪಾಯಿಯ ಬಿರಡೆ ತೆಗೆದರೆ ಒಳಗೆ ಕೆಸರಿನಂಥದ್ದು, ಹುಳಿ ವಾಸನೆ. ಅಯ್ಯೋ ಪಾಪ, ವಯಸ್ಸಾಯಿತು, ಇದನ್ನು ತೊಳೆಯಲು ಅವಳ ಕೈಯಲ್ಲಿ ಆಗಿಲ್ಲ ಅಂದುಕೊಂಡೆ. ಕೆಳಗಿಳಿಸಿ, ಎಲ್ಲವನ್ನೂ ಮೋರಿಗೆ ಸುರಿದು, ಕುದಿಯುವ ನೀರು, ಸೋಪಿನ ಪುಡಿ, ಬ್ಲೀಚಿಂಗ್ ಪೌಡರ್ ಹಾಕಿ ಉರುಳಿಸಿ ಉರುಳಿಸಿ ಕುಲುಕಿದೆ. ಮೂರು ಸಲ. ಆಮೇಲೆ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆ. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಮೂರ್ಖಳು.

ಸಂಜೆ ದೊಡ್ಡಮ್ಮ ಬಂದಳು. ಪೀಪಾಯಿ ನೋಡಿದಳು, ಮೋರಿ ನೋಡಿದಳು. ಕುಕ್ಕರುಗಾಲಲ್ಲಿ ಕೂತು ಮೋರಿಗೆ ಬೆರಳಾಡಿಸಿ ಮೂಸಿದಳು.

"ಏನೇ ಮಾಡ್ದೆ?"

"ತೊಳೆದೆ ದೊಡ್ಡಮ್ಮ, ಪೂಜೆಗೆ."

"ಎಂಬತ್ತು ವರ್ಷದ ಹೆಪ್ಪು ಕಣೇ ಅದು! ಮೋರಿಗೆ ಸುರಿದ್ಯಲ್ಲೇ! ನಿನ್ನ ಕೈ ಸೇದೋಗ!"

ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಅವಳು ಬೈದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾನೂ ಸುಮ್ಮನಿರಲಿಲ್ಲ. "ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ. ಅದು ಹೆಪ್ಪು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ತೊಳೆದಿದ್ದು ನಾನು ಸರಿ, ಬಾಯಿ ಮುಚ್ಕೊಂಡಿದ್ದು ಯಾರು?" ಅಂದೆ. ಅವಳ ಮುಖ ಕಪ್ಪಿಟ್ಟಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಣ್ಣ ಮಾತ್ರ, "ಬಿಡಮ್ಮ, ಮಣ್ಣು ಮಸಿ, ಯಾರಿಗೆ ಗೊತ್ತಾಗುತ್ತೆ" ಅಂದ. ಆ ಮಾತಿಗೆ ಅವತ್ತೇ ಅವನ ಕೆನ್ನೆಗೆ ಬಾರಿಸಬೇಕಿತ್ತು.

ಎರಡು ತಿಂಗಳು ನಾನು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು. "ಭಾನ್ವಾರ ಬಾ. ನೋಟ್‌ಬುಕ್ ತಗೊಂಡ್ ಬಾ." ಕ್ಷಮೆ ಕೇಳುವ ಜಾತಿಯೇ ಅಲ್ಲ ಅದು. ಹೋದೆ. ಪೀಪಾಯಿಗೆ ದಿನಕ್ಕೆರಡು ಸಲ ನೀರು ತುಂಬಿಸಿ ಚೆಲ್ಲುತ್ತಿದ್ದಳು. ಸೋಪಿನ ವಾಸನೆ ಹೋಗುವವರೆಗೂ ಚೆಲ್ಲಿದಳು. ಬೇಸಿಗೆಯ ಬೆಳೆ ಬಂದಾಗ ಮಂಡಿನೋವಿನಲ್ಲೂ ಅಟ್ಟ ಹತ್ತಿ, ಒಂದೊಂದು ಗೊಂಚಲನ್ನೂ ನನ್ನ ಕೈಯಲ್ಲೇ ಕಟ್ಟಿಸಿದಳು. ಹೇಳಿದ್ದೇ ಹೇಳಿದ್ದು. ಯಾವ ಹಣ್ಣು ಎಸೆಯಬೇಕು, ಯಾವ ಕಿಟಕಿ ಯಾವಾಗ ತೆಗೆಯಬೇಕು, ಎಷ್ಟು ಬೆರಳು ಜಾಗ ಬಿಟ್ಟು ರಸ ತುಂಬಬೇಕು. ಸಾಲಿಗೊಂದು ಬೈಗುಳ ಸೇರಿಸಿಯೇ ಹೇಳಿದಳು. ನಾನು ಬೈಗುಳ ಬಿಟ್ಟು ಬರೆದುಕೊಂಡೆ.

ಹೆಪ್ಪಿಲ್ಲದೆ ರಸ ತಾನಾಗಿ ಹುದುಗೇಳುತ್ತದೆಯೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ತುಂಬಿದ ಹತ್ತನೆಯ ದಿನ ನನ್ನ ಓಲೆ ಬಿಚ್ಚಿಸಿ, ತಲೆ ಹಿಡಿದು ಪೀಪಾಯಿಗೆ ಒತ್ತಿದಳು.

"ಏನು ಕೇಳಿಸ್ತು?"

"ಏನೂ ಇಲ್ಲ."

"ಇನ್ನೂ ಒತ್ತು. ಮುರಿದೋಗಲ್ಲ ಕಿವಿ."

ಆಗ ಕೇಳಿಸಿತು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದ ಹಾಗೆ, ಬಲು ಸಣ್ಣಗೆ, ಚಿಟಿಚಿಟಿ. ನನಗೆ ಅಳು ಬಂತು. ಅವಳು ಅಳಲು ಬಿಡಲಿಲ್ಲ. ಮಗನನ್ನು ಕೂಗಿ ಕರೆದು ಏಣಿಯ ಕೆಳಗೆ ನಿಲ್ಲಿಸಿದಳು. "ಇಬ್ರೂ ಕೇಳಿಸ್ಕೊಳ್ಳಿ. ಇದು ಇಟಲಿಯವನದ್ದಲ್ಲ, ಹೊಸದು. ಅವನ ಹೆಸರಲ್ಲಿ ಇದನ್ನ ಯಾರಿಗೂ ಕೊಡಕೂಡದು. ಅವನದ್ದು ಹೋಯ್ತು. ಹೋಯ್ತು ಅಂತ್ಲೇ ಹೇಳ್ಬೇಕು." ಅಣ್ಣ ಮೊಬೈಲಿನಿಂದ ತಲೆಯೆತ್ತದೆ "ಆಯ್ತಮ್ಮ" ಅಂದ.

ಎರಡನೆಯ ವರ್ಷದ ಚಳಿಗಾಲದಲ್ಲಿ, ಮೂರೇ ದಿನದ ಜ್ವರಕ್ಕೆ, ಅವಳು ಹೋದಳು. ಪೀಪಾಯಿ ತೆರೆಯಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಬಾಕಿಯಿತ್ತು. ತಿಥಿ ಮುಗಿದು ತಿಂಗಳಾಗಿರಲಿಲ್ಲ, ಗೇಟಿಗೆ ಬೋರ್ಡು ಬಂತು: ಎಂಬತ್ತು ವರ್ಷಗಳ ಇಟಾಲಿಯನ್ ಪರಂಪರೆ. ಕೇಳಿದ್ದಕ್ಕೆ ಅಣ್ಣ, "ಮಾರ್ಕೆಟಿಂಗ್ ಕಣೇ, ನಿಂಗೆ ಅರ್ಥ ಆಗಲ್ಲ" ಅಂದ.

ಹೋದ ತಿಂಗಳು ಪೀಪಾಯಿ ತೆರೆದೆವು. ತೆರೆಯಲು ನಾನೇ ಬೇಕಿತ್ತು, ಬೇರೆ ಯಾರಿಗೂ ಬರುವುದಿಲ್ಲ. ಚಪ್ಪರದ ಕೆಳಗೆ ಇಪ್ಪತ್ತು ಜನ ಗೆಸ್ಟುಗಳು. ಜೇನಿನ ಬಣ್ಣವೇ ಬಂದಿತ್ತು. ಕುಡಿದವರ ಮುಖ ನೋಡಿದೆ, ಚೆನ್ನಾಗಿತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅಣ್ಣ ಮೈಕ್ ಹಿಡಿದ. "ಇದರ ಹೆಪ್ಪು ಒಬ್ಬ ಇಟಾಲಿಯನ್ ಸೈನಿಕ ಬಿಟ್ಟು ಹೋಗಿದ್ದು. ಎಂಬತ್ತು ವರ್ಷದಿಂದ ಒಂದ್ಸಲಾನೂ ಈ ಪೀಪಾಯಿ ಖಾಲಿ ಆಗಿಲ್ಲ. ನಮ್ಮ ತಾಯಿ ಸಾಯೋ ತನಕ ಕಾಪಾಡಿದ್ರು..."

ತಾಯಿಯ ಹೆಸರನ್ನೂ ಎಳೆದು ತಂದನಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು. ಪೀಪಾಯಿಯ ಪಕ್ಕದಿಂದ ಎದ್ದು ನಿಂತೆ.

"ಸುಳ್ಳು. ಖಾಲಿ ಆಗಿತ್ತು. ಸೋಪು ಹಾಕಿ ತೊಳೆದು ಮೋರಿಗೆ ಸುರಿದವಳು ನಾನೇ."

ಕೆಲವರು ಇದೂ ಕಾರ್ಯಕ್ರಮದ ಭಾಗವೆಂದು ನಕ್ಕರು. ಅಣ್ಣನ ಮುಖ ನೋಡಿ ನಗು ನಿಂತಿತು. "ಕೂತ್ಕೊಳ್ಳೇ, ಮರ್ಯಾದೆ ತೆಗಿಬೇಡ" ಎಂದು ಹಲ್ಲು ಕಚ್ಚಿದ. ನಾನು ಕೂರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಹೆಂಗಸು ಗ್ಲಾಸನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಹಾಗಾದ್ರೆ ಇದಕ್ಕೆ ಎಷ್ಟು ವರ್ಷಮ್ಮ?"

"ಮೂರು."

"ಮತ್ತೆ, ಇದನ್ನ ಮಾಡಿದ್ದು ಯಾರು?"

"ನಮ್ಮ ದೊಡ್ಡಮ್ಮ," ಅಂದೆ.