ರಸ್ತೆಗೆ ಇಳಿಯದ ಗಾಡಿ

ಜೆನಿಟಾ ಮೆಂಡೋನ್ಸಾ ಅವರ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಒಂದು ಜೊತೆ ರಬ್ಬರ್ ಬೂಟು ಇರುತ್ತದೆ. ಇನ್ಶೂರೆನ್ಸ್ ಮಾಡಿಸಿಕೊಡುವವರಿಗೆ ಬೂಟು ಯಾಕೆ ಎಂದು ಮೊದಲ ಸಲ ನೋಡಿದವರು ಕೇಳುತ್ತಾರೆ. ಸಟನ್ ಎಂಬ ಇಂಗ್ಲಿಷ್ ಪಟ್ಟಣದಲ್ಲಿ ಡ್ರೈಕ್ಲೀನಿಂಗ್ ಅಂಗಡಿಯೊಂದರ ಮೇಲಿನ ಕೋಣೆಯೇ ಅವರ ಆಫೀಸು. ಗಿರಾಕಿಗಳೆಲ್ಲ ಸಣ್ಣ ವ್ಯವಹಾರದವರು: ಮೈದಾನ ನೋಡಿಕೊಳ್ಳುವವರು, ಬೇಲಿ ಹಾಕುವವರು, ಮಣ್ಣು ಅಗೆಯುವ ಪುಟ್ಟ ಡಿಗ್ಗರ್ ಬಾಡಿಗೆಗೆ ಕೊಡುವವರು. ಇವರ ಯಂತ್ರಗಳು ಕಾರೂ ಅಲ್ಲ, ಲಾರಿಯೂ ಅಲ್ಲ. ಕಾರಿನ ವಿಮೆಯವರು ಇವನ್ನು ಬೇಡ ಎನ್ನುತ್ತಾರೆ, ಮನೆಯ ವಿಮೆಯವರಿಗೆ ಇವು ಏನೆಂದೇ ಗೊತ್ತಿಲ್ಲ. ಹೀಗೆ ಯಾರ ಲೆಕ್ಕಕ್ಕೂ ಸಿಗದ ಗಾಡಿಗಳಿಗೆ ಸರಿಯಾದ ವಿಮೆ ಹುಡುಕಿಕೊಡುವುದು ಜೆನಿಟಾ ಅವರ ಕಸುಬು.

ಊರು ಉಡುಪಿ ಕಡೆಯ ಶಿರ್ವ, ಮನೆಮಾತು ಕೊಂಕಣಿ. ಗಂಡ ಫ್ಲೇವಿಯನ್‌ಗೆ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ಮೊದಲು ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿದ್ದರು. ಪರಿಹಾರ ಕೇಳಿದವರಿಗೆ ಫೋನಿನಲ್ಲಿ ‘ಇಲ್ಲ’ ಎಂದು ಹೇಳುವುದೇ ಅಲ್ಲಿ ಅವರ ಪಾಲಿಗೆ ಬಂದ ಕೆಲಸ. ಹಾಗೆ ಇಲ್ಲ ಅನ್ನಿಸಿಕೊಂಡವರಲ್ಲಿ ಹೆಚ್ಚಿನವರು ಸುಳ್ಳು ಹೇಳಿದವರಾಗಿರಲಿಲ್ಲ. ವಿಮೆ ಮಾಡಿಸುವಾಗ ಕೇಳಿದ ಪ್ರಶ್ನೆಯನ್ನು ತಮಗೆ ತೋಚಿದಂತೆ ಅರ್ಥ ಮಾಡಿಕೊಂಡು, ಪ್ರಾಮಾಣಿಕವಾಗಿ ತಪ್ಪು ಉತ್ತರ ಕೊಟ್ಟಿದ್ದರು. ಈ ‘ಇಲ್ಲ’ವನ್ನು ಕೊನೆಯಲ್ಲಿ ಹೇಳುವುದಕ್ಕಿಂತ ಪ್ರಶ್ನೆಯನ್ನು ಮೊದಲಲ್ಲೇ ನೆಟ್ಟಗೆ ಕೇಳುವುದು ಮೇಲು ಅನ್ನಿಸಿ ಜೆನಿಟಾ ಆ ಕೆಲಸ ಬಿಟ್ಟು ಬ್ರೋಕರ್ ಆದರು. ಅಂದಿನಿಂದ ಅವರದು ಒಂದೇ ಕ್ರಮ: ಯಂತ್ರ ನಿಲ್ಲುವ ಜಾಗವನ್ನೂ ಅದು ಓಡಾಡುವ ದಾರಿಯನ್ನೂ ಕಣ್ಣಾರೆ ನೋಡದೆ ವಿಮೆ ಮಾಡಿಸುವುದಿಲ್ಲ. ಇದರಿಂದ ಎಷ್ಟೋ ಜನರಿಗೆ ತಡವಾಗುತ್ತದೆ, ಸಿಟ್ಟೂ ಬರುತ್ತದೆ. “ಸ್ವರ್ಗದ ಬಾಗಿಲಿಗೆ ಹೋದರೂ ಇವಳು ಒಳಗೆ ದಾರಿ ಹೇಗುಂಟು, ಮೊದಲು ತೋರಿಸಿ ಅಂತ ಕೇಳುವವಳು” ಎಂದು ಫ್ಲೇವಿಯನ್ ನಗುತ್ತಾರೆ.

ಕಳೆದ ಮಾರ್ಚಿನಲ್ಲಿ ಸಿಟ್ಟು ಬಂದದ್ದು ಜಗದೇವಪ್ಪನವರಿಗೆ. ವಿಜಯಪುರದ ಕಡೆಯಿಂದ ಇಲ್ಲಿಗೆ ಬಂದ ಜಗದೇವಪ್ಪ ಮತ್ತು ಅವರ ಹೆಂಡತಿ ರತ್ನವ್ವ ಒಂದು ವ್ಯಾನು, ಒಂದು ಟ್ರೇಲರ್ ಇಟ್ಟುಕೊಂಡು ಮನೆಗಳ ಹಿತ್ತಲಿನ ಹುಲ್ಲು ಕತ್ತರಿಸಿಕೊಡುತ್ತಿದ್ದರು. ಮೊದಲ ಬಾರಿಗೆ ದೊಡ್ಡ ಕೆಲಸ ಕೈಗೆ ಬಂದಿತ್ತು, ಖಾಸಗಿ ಕ್ಲಬ್ಬೊಂದರ ಆಟದ ಮೈದಾನಗಳ ಉಸ್ತುವಾರಿ. ಅದಕ್ಕೆಂದೇ ಒಂದು ಹಳೆಯ ಯುಟಿಲಿಟಿ ಗಾಡಿ ಕೊಂಡಿದ್ದರು. ಮುಂದೆ ಇಬ್ಬರಿಗೆ ಸೀಟು, ಹಿಂದೆ ಮಣ್ಣು ಸುರಿಯುವ ಪುಟ್ಟ ತೊಟ್ಟಿ, ಕೆಸರಿನಲ್ಲೂ ಹೂತುಹೋಗದ ದಪ್ಪ ಟೈರು. ಸೋಮವಾರ ಕೆಲಸ ಶುರು. ವಿಮೆಯ ಕಾಗದವಿಲ್ಲದೆ ಗೇಟು ತೆರೆಯುವುದಿಲ್ಲ, ಸೋಮವಾರ ಬಾರದಿದ್ದರೆ ಕೆಲಸ ಇನ್ನೊಬ್ಬರಿಗೆ ಎಂದು ಕ್ಲಬ್ಬಿನ ಕಾರ್ಯದರ್ಶಿ ಹೇಳಿಬಿಟ್ಟಿದ್ದರು.

ಗುರುವಾರ ಫೋನಿನಲ್ಲಿ ಜೆನಿಟಾ ಕೇಳಿದರು, “ಗಾಡಿ ರೋಡಿನ ಮೇಲೆ ಓಡಿಸ್ತೀರಾ?”

“ಇಲ್ರೀ ಅಕ್ಕಾರ. ರೋಡಿಗೆ ಒಟ್ಟ ಇಳಿಯೂದಿಲ್ಲ.”

“ಸರಿ. ನಾಳೆ ಬೆಳಗ್ಗೆ ಬರ್ತೇನೆ.”

ಶುಕ್ರವಾರ ತುಂತುರು ಮಳೆ. ಜಾಗ ತೋರಿಸಲು ಕಾರ್ಯದರ್ಶಿ ಅವತ್ತೊಂದು ದಿನ ಒಳಗೆ ಬಿಟ್ಟಿದ್ದರು. ಜೆನಿಟಾ ಬೂಟು ಹಾಕಿಕೊಂಡು ಮೊದಲು ಮೈದಾನದಂಚಿನಲ್ಲಿ ಗಾಡಿ ನಿಲ್ಲುವ ಕಬ್ಬಿಣದ ಶೆಡ್ಡಿಗೆ ಹೋಗಿ ಬೀಗ ಎಳೆದು ನೋಡಿದರು. ಬೀಗದ ಪಕ್ಕದಲ್ಲೇ ಮೊಳೆಗೆ ಗಾಡಿಯ ಕೀ ತೂಗುಹಾಕಿತ್ತು.

“ಕಳ್ಳನಿಗೆ ಹುಡುಕುವ ಕಷ್ಟ ಬೇಡ ಅಂತಲಾ?”

ಜಗದೇವಪ್ಪ ಕೀ ತೆಗೆದು ಕಿಸೆಗೆ ಹಾಕಿಕೊಂಡರು.

“ಈಗ ಗಾಡಿ ಸೋಮವಾರದಿಂದ ದಿನಾ ಹೋಗುವ ಹಾಗೆ ಹೋಗಲಿ. ನಾನು ಹಿಂದೆ ನಡೀತೇನೆ.”

ಜಗದೇವಪ್ಪ ಓಡಿಸುತ್ತಿದ್ದ ಗಾಡಿ ಕ್ರಿಕೆಟ್ ಮೈದಾನ ಸುತ್ತಿ, ಪೆವಿಲಿಯನ್ ಹಿಂದಿನಿಂದ ಹಾದು ಒಂದು ಗೇಟಿನ ಬಳಿ ಬಂತು. ರತ್ನವ್ವ ಮುಂದೆ ಓಡಿ ಗೇಟು ತೆರೆದರು. ಹೊರಗೆ ಕಿರಿದಾದ ಡಾಂಬರು ರಸ್ತೆ, ಎದುರಿಗೆ ಇನ್ನೊಂದು ಗೇಟು. ರತ್ನವ್ವ ಹಳದಿ ಜಾಕೆಟ್ಟಿನಲ್ಲಿ ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿದರು.

“ನಿಲ್ಲಿಸಿ! ನಿಲ್ಲಿಸಿ!” ಜೆನಿಟಾ ಕೂಗಿದರು. “ಎಂತ ಇದು?”

“ಆ ಕಡೆ ಫುಟ್‌ಬಾಲ್ ಮೈದಾನ ಐತಲ್ರೀ” ಎಂದರು ಜಗದೇವಪ್ಪ. “ ಅದೂ ನಮ್ಮ ಕಾಂಟ್ರ್ಯಾಕ್ಟಿನಾಗ ಬರತೈತಿ.”

“ರೋಡಿಗೆ ಇಳಿಯೂದಿಲ್ಲ ಅಂದಿರಲ್ಲ ಮಾರಾಯ್ರೆ?”

“ಇಳಿಯೂದಿಲ್ರೀ. ದಾಟತೈತಿ, ಅಷ್ಟ.”

ಅವರ ಮುಖದಲ್ಲಿ ಕಳ್ಳತನವಿರಲಿಲ್ಲ. ರಸ್ತೆಯ ಉದ್ದಕ್ಕೂ ಹೋದರೆ ಓಡಿಸಿದಂತೆ, ಅಡ್ಡಕ್ಕೆ ಹೋದರೆ ದಾಟಿದಂತೆ. ಎರಡೂ ಒಂದೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕ್ಲೇಮ್ ವಿಭಾಗದಲ್ಲಿ ಜೆನಿಟಾ ಇಲ್ಲ ಎನ್ನುತ್ತಿದ್ದದ್ದು ಇಂಥವರಿಗೇ.

“ಕಾನೂನಿಗೆ ಉದ್ದ, ಅಡ್ಡ ಅಂತ ಇಲ್ಲ. ಚಕ್ರ ಡಾಂಬರಿಗೆ ತಾಗಿತಾ, ರೋಡಿಗೆ ಬಂತು ಅಂತಲೇ ಲೆಕ್ಕ.”

“ನಾ ಅಂದಿದ್ನಿ, ಅಕ್ಕಾರಿಗೆ ಇದನ್ನೂ ಹೇಳ್ರಿ ಅಂತ” ಎಂದರು ರತ್ನವ್ವ. “ಕೇಳಿದ್ದಕ್ಕಷ್ಟ ಉತ್ರ ಕೊಡಬೇಕು ಅಂದ್ರು, ಪರೀಕ್ಷಾ ಬರದಂಗ.”

ಜಗದೇವಪ್ಪ ಗಾಡಿಯಿಂದ ಇಳಿದರು. “ಬ್ಯಾರೆ ಏಜೆಂಟರು ಫೋನಿನಾಗ ಮಾಡಿಕೊಡ್ತಾರ್ರೀ. ನೀವು ನೋಡ್ರಿ, ಗೇಟು, ಬೀಗ, ರೋಡು…”

“ಮಾಡಿಕೊಡ್ತಾರೆ. ನಾಳೆ ಆ ತಿರುವಿನಿಂದ ಒಬ್ಬ ಸೈಕಲ್ಲಿನವ ಬಂದು ಇದಕ್ಕೆ ಬಡಿದರೆ ಕಂಪನಿಯವರು ಇಲ್ಲ ಅಂತಾರೆ. ಹೇಗೆ ಹೇಳ್ತಾರೆ ಅಂತ ನನಗೆ ಗೊತ್ತುಂಟು. ಅವನಿಗೆ ಪರಿಹಾರ ನಿಮ್ಮ ಮನೆ ಮಾರಿ ಕೊಡಬೇಕು.”

“ಹಂಗಾರ ಸೋಮವಾರ ನಾ ಮನ್ಯಾಗ ಕೂಡ್ಲೇನು?”

ಜೆನಿಟಾ ಗಾಡಿಯನ್ನು ಒಮ್ಮೆ ಸುತ್ತಿ ನೋಡಿದರು. ಹೊಲ, ಮೈದಾನಕ್ಕೆಂದೇ ಮಾರಿದ ಗಾಡಿ ಅದು, ನಂಬರ್ ಪ್ಲೇಟು ಕೂಡ ಇಲ್ಲ. ಅದನ್ನು ರಸ್ತೆಗೆ ನೋಂದಾಯಿಸಲು ವಾರಗಳೇ ಬೇಕು. ದಾಟುವುದನ್ನು ಬಚ್ಚಿಟ್ಟು ಬರೆದರೆ ಮಧ್ಯಾಹ್ನದೊಳಗೆ ಕಾಗದ ಬಂದೀತು. ಅವರು ರಸ್ತೆಯಂಚಿನಲ್ಲಿ ನೆನೆಯುತ್ತ ನಿಂತರು. ಗೇಟಿನ ಅಗಲವನ್ನು ಕೈ ಚಾಚಿ ಅಳೆದರು. ಆಮೇಲೆ ಪೆವಿಲಿಯನ್ ಪಕ್ಕದಲ್ಲಿದ್ದ ವ್ಯಾನಿನ ಕಡೆ ನೋಡಿದರು. ಅದರ ವಿಮೆ ಅವರೇ ಮಾಡಿಸಿದ್ದು, ಟ್ರೇಲರ್ ಎಳೆಯುವುದೂ ಅದರಲ್ಲಿ ಸೇರಿತ್ತು.

“ಇದು ನಿಮ್ಮ ಟ್ರೇಲರಿಗೆ ಹಿಡೀತದಾ?”

“ಹಿಡೀತೈತಿ. ತಂದದ್ದ ಅದರಾಗ.”

“ಹಾಗಾದ್ರೆ ಟ್ರೇಲರಿಗೆ ಹತ್ತಿಸಿ, ಕಟ್ಟಿ, ಆ ಕಡೆ ಒಯ್ದು ಇಳಿಸಿ. ಮೇಲೆ ಕೂತದ್ದು ಗಾಡಿ ಅಲ್ಲ, ಸಾಮಾನು.”

“ಈ ಗೇಟಿನಿಂದ ಆ ಗೇಟಿಗೆ? ಟ್ರೇಲರಾಗ? ಮಂದಿ ನಗತಾರ್ರೀ!”

“ನಗಲಿ ತಗೋರಿ” ಎಂದರು ರತ್ನವ್ವ. “ಇಷ್ಟು ದಿನ ನಿಮ್ಮನ್ನ ನೋಡಿ ಅಳತಿದ್ರೇನು?”

ಜೆನಿಟಾ ಕಾರಿನಲ್ಲಿ ಕೂತು ಕಂಪನಿಗೆ ಫೋನ್ ಮಾಡಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಟ್ರೇಲರಿನ ಪ್ರಯಾಣ ಎಷ್ಟು ದೂರ ಎಂದು ಆ ಕಡೆಯವರು ಕೇಳಿದಾಗ, ಒಂದು ರಸ್ತೆಯ ಅಗಲ ಎಂದರು. ಆ ಕಡೆಯವರು ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡು, ಮೇಲಿನವರನ್ನು ಕೇಳಬೇಕು ಎಂದು ಫೋನ್ ಇಟ್ಟರು. ಜೆನಿಟಾ ಊಟಕ್ಕೂ ಹೋಗದೆ ಫುಟ್‌ಬಾಲ್ ಮೈದಾನ ಸುತ್ತಿ, ಎರಡು ಗೇಟಿನ ಚಿತ್ರ ತೆಗೆದು ಕಳಿಸಿ, ಮತ್ತೆ ಫೋನ್ ಮಾಡಿದರು. ಆಮೇಲೆ ಇನ್ನೊಮ್ಮೆ. ಜಗದೇವಪ್ಪ ಗಾಡಿಯನ್ನು ಶೆಡ್ಡಿಗೆ ಒಯ್ದು ಬೀಗ ಹಾಕಿದರು. ರತ್ನವ್ವ ಡಬ್ಬಿಯಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಕಾರಿನ ಕಿಟಕಿಯೊಳಗೆ ಕೊಟ್ಟರು. ಆಫೀಸುಗಳು ಮುಚ್ಚುವ ಹೊತ್ತಿಗೆ ಒಪ್ಪಿಗೆ ಬಂತು. ಷರತ್ತು ಎರಡೇ: ದಾಟುವಾಗ ಗಾಡಿಯ ಎಂಜಿನ್ ಆರಿರಬೇಕು, ನಾಲ್ಕೂ ಮೂಲೆಗೆ ಪಟ್ಟಿ ಬಿಗಿದಿರಬೇಕು.

ಸೋಮವಾರ ಕಾರ್ಯದರ್ಶಿ ಕಾಗದ ಓದಿ ಗೇಟು ತೆರೆದರು. ಕ್ರಿಕೆಟ್ ಮೈದಾನದ ಕೆಲಸ ಮುಗಿಸಿ ಜಗದೇವಪ್ಪ ಗಾಡಿಯನ್ನು ಟ್ರೇಲರಿಗೆ ಹತ್ತಿಸಿ, ಪಟ್ಟಿ ಬಿಗಿದು, ವ್ಯಾನನ್ನು ರಸ್ತೆಗೆ ತಂದರು. ರಸ್ತೆಯಲ್ಲಿ ಬರುತ್ತಿದ್ದ ಒಂದು ಕಾರು ನಿಂತಿತು. ಅದರಲ್ಲಿದ್ದ ಮುದುಕ ಗಾಜು ಇಳಿಸಿ, ಗಾಡಿ ಕೆಟ್ಟಿದೆಯಾ, ತಳ್ಳಲು ಬರಲೇ ಎಂದು ಕೇಳಿದ. ಇಲ್ಲ, ಕೆಲಸಕ್ಕೆ ಹೊರಟಿದೆ ಎಂದು ಜಗದೇವಪ್ಪ ಇಂಗ್ಲಿಷಿನಲ್ಲಿ ಹೇಳಿ, ನಿಧಾನವಾಗಿ ಎದುರು ಗೇಟಿನೊಳಗೆ ಹೋದರು.

ಸಂಜೆ ಇದನ್ನೆಲ್ಲ ಫೋನಿನಲ್ಲಿ ಹೇಳಿ ಅವರೇ ನಕ್ಕರು. ಜೆನಿಟಾ ನಗಲಿಲ್ಲ.

“ಪಟ್ಟಿ ನಾಲ್ಕೂ ಕಟ್ಟಿದಿರಾ?”

“ಕಟ್ಟೇನ್ರೀ ಅಕ್ಕಾರ. ನಂಬಿಗಿ ಇಲ್ಲಂದ್ರ ಬಂದು ನೋಡ್ರಿ.”

ಮಂಗಳವಾರ ಬೆಳಗ್ಗೆ ಜೆನಿಟಾ ಹೋಗಿ ನೋಡಿದರು.