ಆಷಾಢ ಕಳೆದ ಮೇಲಿನ ಅಪ್‌ಡೇಟ್

ಅವರ ಕೊರಳ ಸುತ್ತ ಸದಾ ಕಪ್ಪು ಚೂರುಗಳು ಅಂಟಿಕೊಂಡಿರುತ್ತಿದ್ದವು. ಹೆಡ್‌ಫೋನಿನ ಮೆತ್ತೆಯ ಮೇಲಿನ ರೆಕ್ಸಿನ್ ಸುಲಿದು, ಬೆವರಿಗೆ ಮೆತ್ತಿ, ಸಂಜೆಯ ಹೊತ್ತಿಗೆ ಇರುವೆಯ ಸಾಲಿನಂತೆ ಕಾಣುತ್ತಿತ್ತು. ಹೊಸದು ಕೊಳ್ಳಬಾರದೇ ಎಂದು ಕೇಳಿದರೆ, "ಹಳೇದಾದಷ್ಟೂ ಗತ್ತು ಬರ್ತೈತವಾ, ನಿನಗ ತಿಳಿಯಂಗಿಲ್ಲ" ಎಂದು ಗದರುತ್ತಿದ್ದರು. ಕೂದಲಿಗೆ ಮಾತ್ರ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಪ್ರತಿ ಭಾನುವಾರ ಅದಕ್ಕೆ ಬಣ್ಣ ಬೀಳುತ್ತಿತ್ತು.

ಪೀಣ್ಯದ ನಮ್ಮ ವಠಾರದಲ್ಲಿ ಮಹಡಿಯ ಮೇಲಿನ ಶೀಟಿನ ಕೋಣೆ ಅವರದು. ಅವರನ್ನು ಕಾಕಾ ಎಂದು ಕರೆಯಲು ನನಗೆ ಕಲಿಸಿದವರು ಅವರೇ. "ಅಂಕಲ್ ಅನಬ್ಯಾಡ. ಅಂಕಲ್ ಅಂದಕೂಡ್ಲೇ ಹೊಟ್ಟಿ ಬಂದಂಗ ಅನಸ್ತೈತಿ." ಬಾಗಲಕೋಟೆಯ ಕಡೆಯಿಂದ ಬಂದು, ತಗಡಿಗೆ ಅಚ್ಚೊತ್ತುವ ಪ್ರೆಸ್ ಕಾರ್ಖಾನೆಯೊಂದರಲ್ಲಿ ಯೌವನವನ್ನೆಲ್ಲ ಕಳೆದು, ಅದನ್ನು ಬಿಟ್ಟ ಮೇಲೆ ಡಿಜೆ ಆದವರು. ಬೀದಿಯ ಮದುವೆಗಳು, ಗಣೇಶನ ಮೆರವಣಿಗೆ, ಕಾರ್ಖಾನೆಗಳ ಆಯುಧಪೂಜೆ ಅವರ ಕಾರ್ಯಕ್ಷೇತ್ರ. ವೈಟ್‌ಫೀಲ್ಡಿನ ದೊಡ್ಡ ಹೋಟೆಲೊಂದರಲ್ಲಿ ಒಮ್ಮೆ ಬಾರಿಸಿದ್ದಾಗಿ ಹೇಳುತ್ತಿದ್ದರು. ಪ್ರತಿ ಸಲ ಹೇಳುವಾಗಲೂ ಆ ಹೋಟೆಲಿಗೆ ಒಂದೊಂದು ಮಹಡಿ ಏರುತ್ತಿತ್ತು. ಮಾತು ವಿಪರೀತ ಗಟ್ಟಿ. ಡಿಜೆಗಳೆಲ್ಲ ಹೀಗೆಯೇ ಕಿರುಚುತ್ತಾರೆಂದು ನಾವು ತಿಳಿದಿದ್ದೆವು.

ಅವರ ಕಸುಬಿಗೆ ಒಂದು ಕಟ್ಟುನಿಟ್ಟಿನ ಪಂಚಾಂಗವಿತ್ತು. ಹಾಡು ನಡೆಸುವ ಸಾಫ್ಟ್‌ವೇರನ್ನು ಆಷಾಢದಲ್ಲಲ್ಲದೆ ಬೇರೆ ಯಾವ ತಿಂಗಳಲ್ಲೂ ಅಪ್‌ಡೇಟ್ ಮಾಡುವಂತಿರಲಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಎಡವಿದರೂ ಎದ್ದು ನಿಲ್ಲಲು ಕಾಲಾವಕಾಶವಿರುತ್ತದೆ. ಉಳಿದ ತಿಂಗಳುಗಳಲ್ಲಿ ಅವರ ಲ್ಯಾಪ್‌ಟಾಪ್ ಇಂಟರ್ನೆಟ್ಟಿನ ಮುಖವನ್ನೇ ನೋಡುತ್ತಿರಲಿಲ್ಲ. ಹಾಡುಗಳು ಪೆನ್‌ಡ್ರೈವಿನಲ್ಲಿ ಬರುತ್ತಿದ್ದವು. ಎಲ್ಲೋ ಅಪ್ಪಿತಪ್ಪಿ ಹೊಸ ಆವೃತ್ತಿ ಬಂದಿದೆಯೆಂಬ ಸೂಚನೆ ಪರದೆಯ ಮೇಲೆ ಮೂಡಿದರೆ, ಬಾಗಿಲಿಗೆ ಬಂದ ಸೇಲ್ಸ್‌ಮನ್ನನನ್ನು ಸಾಗಹಾಕುವಂತೆ "ಆಷಾಢದಾಗ ಬಾರಪಾ" ಎಂದು ಮುಚ್ಚಿಬಿಡುತ್ತಿದ್ದರು. ಆಷಾಢ ಬಂತೆಂದರೆ ಹಳೆಯ ಶೇವಿಂಗ್ ಬ್ರಷ್ಷಿನಿಂದ ಲ್ಯಾಪ್‌ಟಾಪಿನ ಫ್ಯಾನಿನ ದೂಳು ತೆಗೆದು, ಅಪ್‌ಡೇಟ್ ಮಾಡಿ, ಹಗಲೆಲ್ಲ ಒಂದರ ಹಿಂದೊಂದು ಹಾಡು ಓಡಿಸಿ ಪರೀಕ್ಷಿಸುತ್ತಿದ್ದರು. ಯಂತ್ರ ಏದುಸಿರು ಬಿಟ್ಟರೆ ಶ್ರಾವಣದೊಳಗೆ ಹಳೆಯ ಆವೃತ್ತಿಗೆ ಮರಳುತ್ತಿದ್ದರು.

ಅಂಥ ಒಂದು ಆಷಾಢದ ಮಧ್ಯಾಹ್ನ ಅಮ್ಮ ಕೊಟ್ಟ ಹುಳಿಯನ್ನು ಅವರಿಗೆ ಒಪ್ಪಿಸಲು ಮಹಡಿಗೆ ಹೋಗಿದ್ದೆ. ಅವರು ಹೆಡ್‌ಫೋನಿಗೆ ಕಿವಿಕೊಟ್ಟು, ತಲೆದೂಗುತ್ತ, ಎರಡು ಹಾಡುಗಳನ್ನು ಒಂದಕ್ಕೊಂದು ಬೆಸೆಯುತ್ತಿದ್ದರು. ಹೆಡ್‌ಫೋನಿನ ವೈರು ಲ್ಯಾಪ್‌ಟಾಪಿಗೆ ಸಿಕ್ಕಿಸಿರಲೇ ಇಲ್ಲ. ಅದು ಅವರ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ನಾನು ನೋಡಿದ್ದನ್ನು ಅವರೂ ನೋಡಿದರು. ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ, ಎದುರು ನಿಂತು ಗಟ್ಟಿಯಾಗಿ ಹೇಳಿದರೆ, ಅರ್ಧ ಕೇಳಿಸುತ್ತಿತ್ತು. ಉಳಿದರ್ಧವನ್ನು ತುಟಿ ನೋಡಿ ತುಂಬಿಕೊಳ್ಳುತ್ತಿದ್ದರು. ಪ್ರೆಸ್ಸುಗಳ ನಡುವೆ ಕಿವಿಗೆ ಹತ್ತಿ ತುರುಕಿಕೊಂಡು ದುಡಿದ ವರ್ಷಗಳ ಫಲ ಅದು. ಡಿಜೆಗೆ ಕಿವಿ ಏಕೆ ಬೇಕಾಗಲಿಲ್ಲವೆಂಬುದನ್ನು ಅವರೇ ತೋರಿಸಿದರು. ಪರದೆಯ ಮೇಲೆ ಎರಡು ಹಾಡುಗಳು ಎರಡು ಬಣ್ಣದ ಗೆರೆಗಳಾಗಿ ಓಡುತ್ತವೆ. ತಾಳದ ಪೆಟ್ಟು ಬಿದ್ದಲ್ಲೆಲ್ಲ ಕೆಂಪು ಶಿಖರವೇಳುತ್ತದೆ. ಮೇಲಿನ ಗೆರೆಯ ಶಿಖರವೂ ಕೆಳಗಿನದರ ಶಿಖರವೂ ಒಂದೇ ನೇರಕ್ಕೆ ಬಂದರೆ ತಾಳ ಕೂಡಿತು. ಇದರ ಜೊತೆಗೆ ಸ್ಪೀಕರ್ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಚಪ್ಪಲಿ ಬಿಟ್ಟು, ಪಾದವನ್ನು ಅದಕ್ಕೆ ಒತ್ತಿಕೊಳ್ಳುತ್ತಿದ್ದರು.

"ಯಾರ ಮುಂದೂ ಹೇಳಬ್ಯಾಡವಾ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. "ಕುಂಟ ಡಿಜೆ ನಡೀತಾನ, ಕುರುಡ ಡಿಜೆನೂ ನಡೀತಾನ. ಇದೊಂದು ಮಾತ್ರ ನಡಿಯಂಗಿಲ್ಲ."

ನಾನು ಹೇಳುವುದಿಲ್ಲವೆಂದೆ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುತ್ತಿದ್ದೆ. ಕೈಗಾರಿಕಾ ಕಾರ್ಮಿಕರ ಆರೋಗ್ಯದ ಬಗ್ಗೆ ಸೆಮಿನಾರುಗಳಲ್ಲಿ ಮೇಜು ಗುದ್ದಿ ಮಾತಾಡುತ್ತಿದ್ದೆ. ಕಾಕಾನ ಕಿವಿಯ ವಿಷಯ ನನ್ನೊಳಗೆ ಕುದಿಯುತ್ತಲೇ ಇತ್ತು. ಅವರು ಸುಮ್ಮನಿರುವುದನ್ನು ಅನ್ಯಾಯದೊಡನೆ ಮಾಡಿಕೊಂಡ ರಾಜಿಯೆಂದು ಬಗೆದಿದ್ದೆ. ಅದು ಅವರು ಕಟ್ಟಿಕೊಂಡ ಬದುಕಿನ ಬುನಾದಿಯೆಂದು ನನಗೆ ಹೊಳೆಯಲಿಲ್ಲ.

ಆ ವರ್ಷ ಅವರು ತಮ್ಮ ಪಂಚಾಂಗವನ್ನು ತಾವೇ ಮುರಿದರು. ಜಾಲಹಳ್ಳಿಯ ತರುಣ ಡಿಜೆಯೊಬ್ಬ ಹೊಸ ಲ್ಯಾಪ್‌ಟಾಪು ತಂದು, ಯಾವ ಹಾಡಿನಿಂದ ಬೇಕಾದರೂ ಗಾಯಕನ ದನಿಯನ್ನು ಬೇರ್ಪಡಿಸಿ, ಬರಿಯ ವಾದ್ಯವನ್ನು ಉಳಿಸಿ ಜನರನ್ನು ಬೆರಗುಗೊಳಿಸುತ್ತಿದ್ದ. ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಆ ಸೌಲಭ್ಯವಿತ್ತು. ನವರಾತ್ರಿ ಆಗಲೇ ಶುರುವಾಗಿತ್ತು. ತಾವು ಹಿಂದೆ ದುಡಿದ ಅದೇ ಪ್ರೆಸ್ ಕಾರ್ಖಾನೆಯ ಆಯುಧಪೂಜೆಗೆ ಕಾಕಾ ಒಪ್ಪಿಕೊಂಡಿದ್ದರು. ಹಳೆಯ ಜೊತೆಗಾರರೆಲ್ಲ ನೋಡುವವರು.

ಹೊಸ ಆವೃತ್ತಿಯ ಇಂಗ್ಲಿಷ್ ವಿವರಣೆಯನ್ನು ಓದಿ ಹೇಳೆಂದು ನನ್ನನ್ನು ಕರೆದರು. ಹಳೆಯ ಯಂತ್ರಗಳಲ್ಲಿ ಪರದೆಯ ಚಲನೆ ಸದ್ದಿಗಿಂತ ತುಸು ಹಿಂದುಳಿಯಬಹುದೆಂಬ ಒಂದು ಸಾಲು ಕೊನೆಯಲ್ಲಿತ್ತು. ನಾನು ಅವರ ಮುಂದೆ ಕುಳಿತು, ತುಟಿ ಬಿಡಿಸಿ, ಎರಡೆರಡು ಸಲ ಹೇಳಿದೆ.

"ಕಾಕಾ, ಸ್ಕ್ರೀನ್ ಲೇಟಾದ್ರೆ ನಿಮಗೆ ಕಷ್ಟ. ಬೇರೆಯವ್ರ ಥರ ಅಲ್ಲ ನೀವು."

"ತುಸು ಅಂದ್ರ ಎಷ್ಟಂತ?"

"ಅದು ಬರೆದಿಲ್ಲ."

"ಬರದಿಲ್ಲಂದ್ರ ಏನೂ ಇಲ್ಲಂತನ ಅರ್ಥ. ನನ್ನ ಲ್ಯಾಪ್‌ಟಾಪ್ ನನಗ ಗೊತ್ತೈತಿ ಬಿಡವಾ. ಆ ಜಾಲಹಳ್ಳಿ ಹುಡುಗನ ಮುಂದ ನಾ ಏನ್ ಹಳೇ ಕ್ಯಾಸೆಟ್ಟೇನು?"

ಆ 'ತುಸು' ಎಂಬ ಪದವನ್ನು ಬರೆದವರು ಯಾರೋ ನನಗೆ ತಿಳಿಯದು. ಕೇಳುವ ಕಿವಿಯುಳ್ಳವನಿಗೆ ಅದು ನಿಜಕ್ಕೂ ತುಸುವೇ. ಪರದೆಯನ್ನೇ ಕಿವಿ ಮಾಡಿಕೊಂಡವನೊಬ್ಬ ಇದ್ದಾನೆಂಬ ಊಹೆಯೂ ಅವರಿಗೆ ಇದ್ದಿರಲಾರದು. ಆದರೆ ಅಪ್‌ಡೇಟ್ ಆದ ಮೇಲೆ ಹಳೆಯ ಆವೃತ್ತಿಗೆ ಮರಳುವ ದಾರಿಯನ್ನೂ ಆ ಸಲ ಸಾಫ್ಟ್‌ವೇರಿನವರು ಮುಚ್ಚಿದ್ದರು. ಮರಳಿದರೆ ವರ್ಷಗಳಿಂದ ಜೋಡಿಸಿಟ್ಟ ಹಾಡುಗಳ ಸಂಗ್ರಹ ತೆರೆಯುತ್ತಿರಲಿಲ್ಲ. ಅದಕ್ಕೆ ಅವರು ಉತ್ತರ ಹೇಳಬೇಕೆಂದು ನಾನು ಈಗಲೂ ಒತ್ತಾಯಿಸುತ್ತೇನೆ.

ಆಯುಧಪೂಜೆಯ ದಿನ ನಾನೂ ಹೋಗಿದ್ದೆ. ಯಂತ್ರಗಳಿಗೆ ಚೆಂಡುಹೂವು, ಕಂಬಗಳಿಗೆ ಬಾಳೆಕಂದು, ಗೇಟಿನ ಮುಂದೆ ಒಡೆದ ಬೂದುಗುಂಬಳ. ಸ್ಪೀಕರುಗಳನ್ನು ಮ್ಯಾನೇಜರರ ಅಪ್ಪಣೆಯಂತೆ ಅಂಗಳದ ಆಚೆ ತುದಿಯಲ್ಲಿ ಇರಿಸಿದ್ದರಿಂದ ಕಾಕಾನ ಪಾದಕ್ಕೆ ಏನೂ ತಾಕುತ್ತಿರಲಿಲ್ಲ. ಮೊದಲ ಕೆಲವು ಹಾಡುಗಳು ಸರಾಗವಾಗಿ ಸಾಗಿದವು. ಆಮೇಲೆ ಅವರು ಹೊಸ ಆಟ ತೋರಿಸಲು ಹೊರಟರು. ದನಿಯನ್ನು ಬೇರ್ಪಡಿಸುವ ಗುಂಡಿ ಒತ್ತಿದೊಡನೆ ಲ್ಯಾಪ್‌ಟಾಪಿನ ಫ್ಯಾನು ಅರಚತೊಡಗಿತು. ಪರದೆಯ ಗೆರೆಗಳು ಮುಗ್ಗರಿಸಿ ಮುಗ್ಗರಿಸಿ ಚಲಿಸಿದವು. ಸದ್ದು ಮುಂದೆ ಹೋಗಿತ್ತು, ಚಿತ್ರ ಹಿಂದೆ ಉಳಿದಿತ್ತು. ಅವರು ಚಿತ್ರವನ್ನು ನಂಬಿ ಶಿಖರಕ್ಕೆ ಶಿಖರ ಕೂಡಿಸಿದರು. ಎರಡು ತಾಳಗಳು ಒಂದರ ಮೇಲೊಂದು ಬಿದ್ದು ಒದ್ದಾಡಿದವು.

"ಏನ್ ಗುರು ಇದು, ರಜಾ ದಿನಾನೂ ಪ್ರೆಸ್ ಓಡಿಸ್ತಿದ್ದೀಯ!" ಎಂದು ಕೆಲಸಗಾರನೊಬ್ಬ ಕೂಗಿದ. ಎಲ್ಲರೂ ನಕ್ಕರು. ನಗುವ ಮುಖಗಳನ್ನು ಕಂಡ ಕಾಕಾ, ಜನಕ್ಕೆ ಮೆಚ್ಚುಗೆಯಾಯಿತೆಂದು ಭಾವಿಸಿ ಸದ್ದನ್ನು ಇನ್ನಷ್ಟು ಏರಿಸಿದರು. ಹೆಂಗಸರು ಕಿವಿ ಮುಚ್ಚಿಕೊಂಡರು. ಮ್ಯಾನೇಜರ್ ಕಾಕಾನ ಬೆನ್ನ ಹಿಂದೆ ನಿಂತು ಗದರಿದರು. "ರೀ, ನಿಲ್ಸ್ರೀ! ಏನ್ರೀ, ಕಿವುಡ್ರೇನ್ರೀ ನೀವು?"

ಕಾಕಾ ತಿರುಗಲಿಲ್ಲ. ಯಾರೋ ಕರೆಂಟ್ ಕಿತ್ತರು. ಆ ದಿಢೀರ್ ಮೌನದಲ್ಲಿ ನನ್ನ ದನಿ ಎದ್ದಿತು.

"ಹೌದು, ಕಿವುಡರೇ! ಮಾಡಿದ್ದು ಯಾರು? ಇದೇ ಶೆಡ್ಡಲ್ಲಿ ಕಿವಿಗೆ ಹತ್ತಿ ತುರುಕಿಸಿ ಇಷ್ಟು ವರ್ಷ ದುಡಿಸ್ಕೊಂಡ್ರಲ್ಲ, ಮೊದಲು ಅದಕ್ಕೆ ಉತ್ತರ ಕೊಡಿ! ಅವರಿಗೆ ಏನೂ ಕೇಳಿಸಲ್ಲ. ಇಲ್ಲಿಂದ ಹೊರಗೆ ಬಂದಾಗಿನಿಂದ ಕೇಳಿಸಿಲ್ಲ!"

ಇನ್ನೂ ಬಹಳ ಹೇಳಿದೆ. ವಾಕ್ಯಗಳು ಚೆನ್ನಾಗಿಯೇ ಕೂಡಿಬಂದವು.

ಮ್ಯಾನೇಜರ್ ಬೆವರೊರೆಸಿಕೊಂಡು, "ನಮ್ಮಿಂದಾನೇ ಆಯ್ತು ಅನ್ನೋಕೆ ಏನ್ ಗ್ಯಾರಂಟಿ ಮೇಡಂ? ದಿನಾ ಡಿಜೆ ಬಾರಿಸ್ತಾರಲ್ಲ, ಅದ್ರಿಂದ ಹೋಗಿರಬಾರದಾ?" ಎಂದರು. ಕಾಕಾನ ಕಸುಬನ್ನೇ ಕಾಕಾನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದ್ದರು. ಕಾರ್ಖಾನೆ ಅಂದಿಗೂ ಉತ್ತರಿಸಲಿಲ್ಲ, ಇಂದಿಗೂ ಉತ್ತರಿಸಿಲ್ಲ.

ನನ್ನ ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಆ ವಿಡಿಯೊ ವಾರವಿಡೀ ಸುತ್ತಾಡಿತು. "ಬೆಂಕಿ ಕಣೇ ನೀನು" ಎಂದು ಸಹಪಾಠಿಗಳು ಬರೆದರು. ನಾನೂ ಅದನ್ನು ಮತ್ತೆ ಮತ್ತೆ ನೋಡಿದೆ. ನನ್ನ ಮುಖವನ್ನು, ಎತ್ತಿದ ಕೈಯನ್ನು, ತಡವರಿಸದ ದನಿಯನ್ನು ನೋಡಿದೆ. ಎಷ್ಟೋ ಸಲ ನೋಡಿದ ಮೇಲೆ, ಎಷ್ಟೋ ಸಲ, ನನ್ನ ಹೆಗಲ ಹಿಂದೆ ಇನ್ನೊಬ್ಬರಿರುವುದು ಕಣ್ಣಿಗೆ ಬಿತ್ತು.

ಕಾಕಾ ನಮಗೆ ಬೆನ್ನು ಮಾಡಿ, ಬಗ್ಗಿ, ವೈರುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಾರೆ. ಅವರ ಕಿವಿಯ ಕುರಿತು ನಾನು ಇಡೀ ಅಂಗಳಕ್ಕೆ ಸಾರುತ್ತಿರುವುದು ಅವರಿಗೆ ಕೇಳಿಸುತ್ತಿಲ್ಲ. ಆಮೇಲೆ ತಲೆಯೆತ್ತುತ್ತಾರೆ. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ. ಕಪ್ಪು ಕನ್ನಡಕವನ್ನು ಸರಿಪಡಿಸಿಕೊಂಡು, ಜನರಿಗೆ ನಗೆ ಬೀರಿ, ಒಂದೇ ನಿಮಿಷ ಎಂಬಂತೆ ಬೆರಳೆತ್ತಿ ತೋರಿಸುತ್ತಾರೆ.

ನಾನು ಅಂದು ಸಾರಿದ್ದನ್ನು ಅವರಿಗೆ ತಿಳಿಸಿದವರು ಯಾರೆಂದು ನಾನು ಕೇಳಲಿಲ್ಲ. ಆ ಕಾರ್ತಿಕದಲ್ಲಿ ಒಪ್ಪಿಕೊಂಡಿದ್ದ ಮದುವೆಗಳು ಒಂದೊಂದಾಗಿ ಕೈತಪ್ಪಿದವು. "ಕೇಳಿಸ್ದೇ ಇರೋರು ಹೆಂಗೆ ಬಾರಿಸ್ತಾರೆ ಹೇಳಿ" ಎಂದು, ಅವರ ಹಾಡಿಗೆ ವರ್ಷಗಟ್ಟಲೆ ಕುಣಿದವರೇ ನಮ್ಮ ಬಾಗಿಲಲ್ಲಿ ನಿಂತು ಕೇಳಿದರು. ಮೊದಲಿನಿಂದಲೂ ತಮಗೆ ಅನುಮಾನವಿತ್ತೆಂದು ಕೆಲವರು ಸೇರಿಸಿದರು.

ಮೆಟ್ಟಿಲ ಮೇಲೆ ಅವರನ್ನು ತಡೆದು ಕ್ಷಮೆ ಕೇಳಿದೆ. ಅವರ ಪರವಾಗಿಯೇ ಮಾತಾಡಿದೆನೆಂದೂ ಹೇಳಿದೆ, ಅದನ್ನು ಹೇಳಬಾರದಿತ್ತು.

"ನೀ ಹೇಳಿದ್ದು ಸುಳ್ಳಲ್ಲ" ಎಂದರು. "ಆದ್ರ ಅದು ನಂದಿತ್ತಲ್ಲಬೇ. ಹೇಳೂದಿದ್ರ ನಾ ಹೇಳ್ತಿದ್ದೆ. ನನ್ನ ಒಂದು ಮಾತು ಕೇಳಿದ್ದೇನು?"

ಕೇಳಿರಲಿಲ್ಲ. ಎಲ್ಲರಿಂದಲೂ ಉತ್ತರ ಕೇಳುವುದನ್ನು ಕಲಿತವಳಿಗೆ ಅನುಮತಿ ಕೇಳುವುದನ್ನು ಯಾವ ತರಗತಿಯೂ ಕಲಿಸಿರಲಿಲ್ಲವೆಂದು ಬರೆದು ತಪ್ಪಿಸಿಕೊಳ್ಳಬಹುದು. ಅದು ನಿಜವಲ್ಲ. ಯಾರ ಮುಂದೂ ಹೇಳಬೇಡವೆಂದು ಅವರು ಸ್ಪಷ್ಟವಾಗಿ ಹೇಳಿದ್ದರು, ನಾನು ಸ್ಪಷ್ಟವಾಗಿ ಒಪ್ಪಿದ್ದೆ.

ಈಗ ಅವರು ಮಾದನಾಯಕನಹಳ್ಳಿಯ ಗೋದಾಮೊಂದರಲ್ಲಿ ಲಾರಿಗೆ ಪೆಟ್ಟಿಗೆಗಳನ್ನು ಏರಿಸುವ ಕೆಲಸದಲ್ಲಿದ್ದಾರೆ. ಕೂದಲು ಬೆಳ್ಳಗಾಗಿದೆ. ಇಷ್ಟನ್ನು ಬರೆದ ಮೇಲೆ, ಅಚ್ಚಿಗೆ ಕೊಡುವ ಮುನ್ನ, ಅಲ್ಲಿಗೆ ಹೋಗಿ ಅವರ ಕೈಗಿತ್ತೆ. ಬೇಡವೆಂದರೆ ಹರಿದುಹಾಕುತ್ತೇನೆಂದು ಎದುರು ನಿಂತು ಹೇಳಿದೆ. ಪೆಟ್ಟಿಗೆಯ ಮೇಲೆ ಕುಳಿತು, ತುಟಿಯಾಡಿಸುತ್ತ, ನಿಧಾನವಾಗಿ ಓದಿದರು. ಹೋಟೆಲಿನ ಮಹಡಿಗಳ ಬಳಿ ಬಂದಾಗ ನನ್ನತ್ತ ಕಣ್ಣು ಕೆಕ್ಕರಿಸಿದರು.

ಕೊನೆಗೆ, "ಬರಿಯವಾ, ಅಡ್ಡಿಯಿಲ್ಲ. ಹೆಸರು ಹಾಕಬ್ಯಾಡ" ಎಂದರು. ಹಾಳೆಗಳನ್ನು ಮರಳಿ ಕೊಟ್ಟವರು ಮತ್ತೆ ಕೈಚಾಚಿ ಇಸಿದುಕೊಂಡು ತಿರುವಿಹಾಕಿದರು. "ಅಲ್ಲಾ, ಕಿವಿದ ಇಷ್ಟುದ್ದ ಬರದಿ. ನಾ ಹೆಂಗ ಬಾರಸ್ತಿದ್ದೆ ಅಂತ ಎಲ್ಲೈತಿ ಇದರಾಗ?"

ಇರಲಿಲ್ಲ. ಅದನ್ನು ಈಗ ಬರೆಯುತ್ತೇನೆ.

ಲಗ್ಗೆರೆಯಲ್ಲಿ ಒಂದು ಆರತಕ್ಷತೆ. ಶಾಮಿಯಾನದ ಕೆಳಗೆ ಹುಡುಗರು ಕುಣಿಯುತ್ತಿದ್ದರು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ವರನ ಅಜ್ಜಿ ಮುಖ ಬಿಗಿದುಕೊಂಡು ಕುಳಿತಿದ್ದರು. ಕಾಕಾ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಆ ಅಜ್ಜಿಯ ಪಾದಗಳನ್ನು ನೋಡತೊಡಗಿದರು. ಒಂದು ಹಾಡು ಬದಲಿಸಿದರು, ಪಾದ ಅಲುಗಲಿಲ್ಲ. ವೇಗವನ್ನು ಇಳಿಸಿದರು, ಇಲ್ಲ. ಇನ್ನೂ ಇಳಿಸಿ, ಹಾಡಿನ ಕೆಳಗೆ ನಿಧಾನಗತಿಯ ಡೊಳ್ಳಿನ ಪೆಟ್ಟೊಂದನ್ನು ನುಸುಳಿಸಿದರು. ಕುಣಿಯುತ್ತಿದ್ದ ಹುಡುಗರು ಗೊಂದಲಗೊಂಡು, "ಅಣ್ಣಾ, ಸ್ಪೀಡ್ ಅಣ್ಣಾ!" ಎಂದು ಕೂಗಿದರು. ಅವರು ಗಮನಿಸಲಿಲ್ಲ. ಅಜ್ಜಿಯ ಹೆಬ್ಬೆರಳು ಒಮ್ಮೆ ಎದ್ದು ಬಿದ್ದಿತು. ಕಾಕಾ ಡೊಳ್ಳನ್ನು ಎಳೆಎಳೆಯಾಗಿ ಏರಿಸಿದರು. ಹಿಮ್ಮಡಿ ಎದ್ದಿತು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಹುಡುಗರು ಸರಿದು ಜಾಗ ಬಿಟ್ಟರು.