ಒಂದು ಪಿ ಕಡಿಮೆ

ಹಿರಿಯರ ಹಬ್ಬಕ್ಕೆ ಇನ್ನೂ ಎರಡು ವಾರ ಇತ್ತು. ಅವತ್ತು ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ನನಗೆ ಇಡೀ ಆಸ್ಟ್ರೇಲಿಯಾ ಸಿಕ್ಕಿತು.

ಕೊಟ್ಟವನು ಮೊಮ್ಮಗ ದರ್ಶನ್. ಒಂಬತ್ತನೇ ಕ್ಲಾಸು. "ಅಜ್ಜಿ, ನೀನು ಆ ಮೂಲೇಲಿರು. ಅಲ್ಲಿಗೆ ಯಾರೂ ಬೇಗ ಬರಲ್ಲ" ಅಂದ. ಹುಟ್ಟಿದಾಗಿನಿಂದ ಮೂಲೆಯಲ್ಲಿ ಕೂತೇ ಅಭ್ಯಾಸವಾದವಳಿಗೆ ಇದಕ್ಕಿಂತ ಒಳ್ಳೆಯ ದೇಶ ಯಾವುದಿದೆ?

ಈ ಅಂಕಣವನ್ನು ನಾನು ಮೊಮ್ಮಕ್ಕಳಿಗೆಂದೇ ಬರೆಯುತ್ತೇನೆ ಎಂಬುದು ನಿಮಗೆ ಗೊತ್ತು. (ಅವರು ಓದುವುದಿಲ್ಲ. ಅವರ ಅಮ್ಮಂದಿರು ಓದಿ ನನ್ನ ಮೇಲೆ ಸಿಟ್ಟಾಗುತ್ತಾರೆ.) ಈ ವಾರದ ಸಿಟ್ಟಿಗೆ ಈಗಲೇ ತಯಾರಾಗಿದ್ದೇನೆ.

ವಿಷಯ ಏನೆಂದರೆ, ಅದು ಇಂಟರ್‌ನೆಟ್‌ನಲ್ಲಿ ಆಡುವ ಯುದ್ಧದಾಟ. ತೆರೆಯ ಮೇಲೆ ಭೂಪಟ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಒಂದಿಷ್ಟು ಸೈನ್ಯ. ಪಕ್ಕದವರ ದೇಶ ಕಿತ್ತುಕೊಳ್ಳುತ್ತಾ ಹೋಗಬೇಕು. ಭೂಪಟವೆಲ್ಲ ಒಂದೇ ಬಣ್ಣವಾದರೆ ಗೆದ್ದಂತೆ. (ಟಿ.ವಿ.ಯಲ್ಲಿ ನ್ಯೂಸ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗಿರಿಜ, ಚಿತ್ರದುರ್ಗ. ನಾನಿರುವುದು ಅವಳ ಮನೆಯಲ್ಲೇ. ದರ್ಶನ್ ಅವಳ ಮಗ. ಚಿಕ್ಕವಳು ಪುಷ್ಪ, ಹಿರಿಯೂರು. ಅವಳ ಮಗಳು ಅಶ್ವಿನಿ, ಎಂಟನೇ ಕ್ಲಾಸು. ಮಕ್ಕಳಿಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಭೂಪಟದ ಮೇಲೆ ಬಡಿದಾಡುತ್ತಿದ್ದರು. ಹಿಂದಿನ ಆಟದಲ್ಲಿ ಇಬ್ಬರಿಗೂ ಒಪ್ಪಂದವಾಗಿತ್ತಂತೆ, ನಾನು ನಿನ್ನ ಮೇಲೆ ಬೀಳಲ್ಲ, ನೀನು ನನ್ನ ಮೇಲೆ ಬೀಳಬೇಡ ಅಂತ. ಅಶ್ವಿನಿ ಊಟಕ್ಕೆ ಎದ್ದು ಹೋದಳು. ವಾಪಸು ಬಂದು ನೋಡುತ್ತಾಳೆ, ಅವಳ ಆಫ್ರಿಕಾ ಪೂರ್ತಿ ಕೆಂಪಾಗಿದೆ. ಕೆಂಪು ಬಣ್ಣ ದರ್ಶನ್‌ನದು.

ಹುಡುಗಿ ಅತ್ತಳು. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ಪುಷ್ಪ ಫೋನ್ ಮಾಡಿದಳು.

"ಏನಕ್ಕ, ನಿನ್ ಮಗ ಉಣ್ಣಾಕೆ ಎದ್ದೋರ ಮೇಲೆ ಬೀಳ್ತಾನಂತಲ್ಲ. ಇದನ್ನೇ ಕಲಿಸಿದ್ದಾ?"

"ಆಟ ಅಂದ್ಮೇಲೆ ಸೋಲೋದು ಗೆಲ್ಲೋದು ಇದ್ದಿದ್ದೇ ಕಣೇ. ನಿನ್ ಮಗಳಿಗೆ ಆಡಾಕೆ ಬರಲ್ಲ ಅಂದ್ರೆ ಕುಂಟೆಬಿಲ್ಲೆ ಆಡ್ಸು."

ಫೋನ್ ಇಟ್ಟರು. ಮೂರು ವಾರ ಮಾತಿಲ್ಲ. ಇಬ್ಬರೂ ಡಿಗ್ರಿ ಓದಿದವರು. ಒಬ್ಬಳು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ಶಾಂತಿ ಒಪ್ಪಂದಗಳ ಪಾಠವನ್ನೂ ಮಾಡುತ್ತಾಳಂತೆ.

ನನಗೆ ಆಫ್ರಿಕಾದ ಚಿಂತೆ ಇರಲಿಲ್ಲ. ಹಿರಿಯರ ಹಬ್ಬಕ್ಕೆ ನಮ್ಮ ಯಜಮಾನರ ಫೋಟೋದ ಮುಂದೆ ಎಡೆ ಇಡುವುದು ಗಿರಿಜನ ಮನೆಯಲ್ಲಿ. ಅವರು ಹೋದಾಗಿನಿಂದ ಪ್ರತಿ ವರ್ಷ ಇಬ್ಬರು ಹೆಣ್ಣುಮಕ್ಕಳೂ ಕೂಡಿ ಇಟ್ಟಿದ್ದಾರೆ. ಈ ಸಲ ಪುಷ್ಪ ನನ್ನ ಹತ್ತಿರ ಮಾತ್ರ ಹೇಳಿದಳು: "ನಾವು ಬರಲ್ಲಮ್ಮ. ಇಲ್ಲೇ ಇಟ್ಕಂತೀವಿ." ಇರುವುದು ಒಬ್ಬರೇ ಅಪ್ಪ. ಅವರು ಎಷ್ಟು ಮನೆಗೆ ಅಂತ ಊಟಕ್ಕೆ ಓಡಾಡಬೇಕು?

ದರ್ಶನ್‌ಗೆ ಹೇಳಿದೆ: "ಆ ಹುಡುಗಿಗೆ ಸಾರಿ ಕೇಳಪ್ಪ."

"ಸಾರಿ ಯಾಕಜ್ಜಿ? ರೂಲ್ಸಲ್ಲೇ ಐತೆ, ಅಲಯನ್ಸ್ ಮುರೀಬೋದು ಅಂತ."

"ಹಂಗಾದ್ರೆ ಬೇರೆ ರೂಲ್ಸ್ ಇಟ್ಟು ಹೊಸ ಆಟ ಹೂಡು."

ಅವನಿಗೂ ಒಳಗೊಳಗೇ ಅದೇ ಬೇಕಾಗಿತ್ತು. ಮೆಸೇಜು ಹೋಯಿತು. ಹಿರಿಯೂರಿನಿಂದ ಉತ್ತರ ಬಂತು, ಎರಡು ಷರತ್ತಿನ ಜೊತೆ. ಒಂದು, ಅಜ್ಜಿಯೂ ಆಡಬೇಕು. ಎರಡು, ಆಟದ ಪಾಸ್‌ವರ್ಡನ್ನು ಅಜ್ಜಿಯೇ ಫೋನಿನಲ್ಲಿ ಹೇಳಬೇಕು. ದರ್ಶನ್ ಮಾತು ನಂಬಲ್ಲ.

ಹೀಗೆ ನಾನು, ತುರುವನೂರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು, ಯುದ್ಧಭೂಮಿಗೆ ಇಳಿದೆ.

ಯುದ್ಧಕ್ಕಿಂತ ಅದರ ತಯಾರಿಯೇ ದೊಡ್ಡದು ನೋಡಿ. ತೆರೆಯ ಮೇಲೆ ಒಂದು ಫಾರಂ ಬಂತು. ಯಾವ ಭೂಪಟ? ಎಷ್ಟು ಜನ? ನಾಲ್ಕು ಅಂದ. ಅವನು, ಅಶ್ವಿನಿ, ನಾನು, ಅವನ ಕ್ಲಾಸಿನ ಇಮ್ರಾನ್. (ಇಮ್ರಾನ್ ಎರಡು ಬೀದಿ ಆಚೆ, ಅವರ ಮನೆಯಲ್ಲೇ ಕೂತಿದ್ದ. ಒಂದೇ ಬಡಾವಣೆಯ ಹುಡುಗರು ಜಗಳವಾಡಲು ಅಮೆರಿಕದ ಕಂಪ್ಯೂಟರ್ ಮೂಲಕ ಹೋಗಿ ಬರುತ್ತಾರೆ.)

"ಅಜ್ಜಿ, ನಿಂಗೆ ಬೂದಿ ಬಣ್ಣ ಇಟ್ಟಿದೀನಿ."

"ಯಾಕಪ್ಪ?"

"ನಿಂಗೆ ಸೂಟ್ ಆಗುತ್ತೆ."

ಸುಮ್ಮನೆ ಇರಬಹುದಿತ್ತು. ಯಾವಾಗಲೂ ಇರುತ್ತೇನೆ. ಅವತ್ತು ಯಾಕೋ, "ಅರಿಶಿನ ಬಣ್ಣ ಐತೇನು?" ಅಂದುಬಿಟ್ಟೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ ಹಳದಿ ಒತ್ತಿದ.

ಮುಂದಿನ ಪ್ರಶ್ನೆ, ಒಬ್ಬೊಬ್ಬರ ಸರದಿಗೆ ಎಷ್ಟು ಹೊತ್ತು? ಮೂರು ನಿಮಿಷ ಅಂತ ಹಾಕಲು ಹೋದ.

"ತಡಿ. ಉಣ್ಣೋ ಹೊತ್ತಲ್ಲಿ ಯಾರೂ ಯಾರ ಮೇಲೂ ಬೀಳಬಾರದು ಅಂತ ಹಾಕು."

"ಅಂಥ ಆಪ್ಷನ್ ಇಲ್ಲಜ್ಜಿ."

ಬಾಂಬಿಗೆ ಆಪ್ಷನ್ ಇದೆ, ಹಡಗಿಗೆ ಇದೆ, ಬೇಹುಗಾರರಿಗೂ ಇದೆ. ಊಟಕ್ಕೆ ಇಲ್ಲ! ಇದನ್ನು ಮಾಡಿದವರ ಮನೆಯಲ್ಲಿ ಅಡುಗೆ ಮಾಡುವವರು ಯಾರೂ ಇರಲಿಲ್ಲವೇ?

"ಎಲ್ಲಕ್ಕಿಂತ ಜಾಸ್ತಿ ಟೈಮು ಯಾವುದೈತೆ?"

"ಒಂದು ಸರದಿಗೆ ಒಂದು ದಿನ. ಅದನ್ನ ಹಾಕಿದ್ರೆ ಆಟ ಮುಗಿಯೋದ್ರಲ್ಲಿ ಹಬ್ಬಾನೇ ಬರುತ್ತೆ."

"ಅದೇ ಹಾಕು."

ಕೊನೆಗೆ ಪಾಸ್‌ವರ್ಡ್. ಅದಿಲ್ಲದಿದ್ದರೆ ಗೊತ್ತಿಲ್ಲದವರೂ ಒಳಗೆ ನುಗ್ಗುತ್ತಾರಂತೆ. ದರ್ಶನ್ ಚೊಂಬಿನಿಂದ ನೀರು ಕುಡಿಯುತ್ತಾ ಯೋಚಿಸಿದ. ಚೊಂಬನ್ನು ಕೆಳಗಿಟ್ಟ, ಅದನ್ನೊಮ್ಮೆ ನೋಡಿದ, ಟಕಟಕ ಒತ್ತಿದ. ತೆರೆಯ ಮೇಲೆ ಬರೀ ಚುಕ್ಕೆಗಳು.

"ಏನು ಹಾಕಿದೆ?"

"ತಾತನ ಹೆಸರು. ಫೋನ್ ಮಾಡಜ್ಜಿ. ಹದಿನೈದು ನಿಮಿಷದಲ್ಲಿ ನಾಲ್ಕು ಜನ ಬರ್ಲಿಲ್ಲ ಅಂದ್ರೆ ಆಟ ತಾನೇ ಕ್ಯಾನ್ಸಲ್ ಆಗುತ್ತೆ."

ಮದುವೆಯಾದ ದಿನದಿಂದ ಇವತ್ತಿನವರೆಗೆ ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿಲ್ಲ. ಜನಗಣತಿಯವರು ಕೇಳಿದಾಗ ಬಾಗಿಲ ಮೇಲಿನ ಬೋರ್ಡು ತೋರಿಸಿದ್ದೇನೆ. ಆಸ್ಪತ್ರೆಯಲ್ಲಿ ಕೇಳಿದಾಗ ಪಕ್ಕದ ಬೆಡ್ಡಿನವಳ ಕೈಲಿ ಹೇಳಿಸಿದ್ದೇನೆ. ಅವರಿದ್ದಾಗಲೇ ಹೇಳದವಳು, ಕಂಪ್ಯೂಟರಿಗೋಸ್ಕರ ಹೇಳಲೇ?

ಮೊದಲೆಲ್ಲ ಇಂಟರ್‌ನೆಟ್ ಹಾಕಿದರೆ ಫೋನ್ ಸತ್ತುಹೋಗುತ್ತಿತ್ತು. ಈಗ ಬ್ರಾಡ್‌ಬ್ಯಾಂಡು, ಎರಡೂ ಒಟ್ಟಿಗೆ ನಡೆಯುತ್ತವೆ. ತಪ್ಪಿಸಿಕೊಳ್ಳಲು ಆ ನೆಪವೂ ಇಲ್ಲ. ಮಾಡಿದೆ. ಪುಷ್ಪ ಎತ್ತಿ, "ತಗಳೇ, ನಿಮ್ಮಜ್ಜಿ" ಅಂತ ಮಗಳಿಗೆ ದಾಟಿಸಿದಳು.

"ಹೇಳಜ್ಜಿ, ಪಾಸ್‌ವರ್ಡು."

"ಯಜಮಾನ್ರ ಹೆಸ್ರು ಕಣಮ್ಮ."

ಟಕಟಕ ಸದ್ದು. "ತಪ್ಪು ಅಂತೈತೆ!" ಹುಡುಗಿ ಅವರಪ್ಪನ ಹೆಸರು ಹಾಕಿದ್ದಳು. ಅವರ ಮನೆಗೆ ಯಜಮಾನರು ಅವರೇ ತಾನೇ?

"ಅಲ್ಲಮ್ಮ, ನಮ್ಮನೆಯವ್ರದು."

"ಓ, ತಾತಂದಾ? ತಿಪ್ಪೇಸ್ವಾಮಿ!" (ಹೇಳಿದ್ದು ಅವಳು. ನಾನು ಬರೆದಿದ್ದೇನೆ, ಅಷ್ಟೇ. ಬರೆಯುವುದಕ್ಕೆ ಅಡ್ಡಿಯಿಲ್ಲ.) ಮತ್ತೆ ಟಕಟಕ. "ಇದೂ ತಪ್ಪು ಅಂತೈತೆ. ಅಮ್ಮನ ಮಾರ್ಕ್ಸ್ ಕಾರ್ಡಲ್ಲಿ ಇರೋ ಥರಾನೇ ಹಾಕ್ದೆ. ನೋಡಮ್ಮ, ದರ್ಶನ್ ಮತ್ತೆ ಚೇಂಜ್ ಮಾಡಿದಾನೆ!"

ಹಿಂದಿನಿಂದ ಪುಷ್ಪನ ದನಿ ಕೇಳಿಸಿತು: "ಬುದ್ಧಿ ಎಲ್ಲೋಗುತ್ತೆ? ಇಡೇ ಫೋನು. ಹಬ್ಬಕ್ಕೂ ಹೋಗದ್ ಬ್ಯಾಡ."

ದರ್ಶನ್ ಗಡಿಯಾರ ತೋರಿಸಿದ. ಉಳಿದಿದ್ದು ಆರು ನಿಮಿಷ. ಅವನ ಕಣ್ಣಲ್ಲಿ ನೀರು. "ನಾನು ಚೇಂಜ್ ಮಾಡಿಲ್ಲಜ್ಜಿ. ಈ ಚೊಂಬಲ್ಲಿ ಇರೋದೇ ಹಾಕಿದ್ದು."

ಚೊಂಬು ಎತ್ತಿಕೊಂಡೆ. ಹೆಣ್ಣುಮಕ್ಕಳ ಮದುವೆಗೆ ಅಂತ ಹೊಳಲ್ಕೆರೆಯ ಪಾತ್ರೆ ಅಂಗಡಿಯಲ್ಲಿ ತಂದದ್ದು. ಇಬ್ಬರಿಗೂ ಒಂದೇ ಥರದ ಸಾಮಾನು. ಹೆಸರು ಕೆತ್ತುವವನು ಕನ್ನಡವೋ ಇಂಗ್ಲಿಷೋ ಅಂತ ಕೇಳಿದ. "ಇಂಗ್ಲಿಷ್ನಾಗೇ ಹಾಕ್ರಿ, ಪ್ಯಾಟೆಗೆ ಹೋಗೋ ಮಕ್ಕಳು" ಅಂದರು ಇವರು. ಚೊಂಬಿನ ಅಂಚಿನಲ್ಲಿ ಜಾಗ ಸಾಲದೆ ಅವನು ಒಂದು ಪಿ ನುಂಗಿಬಿಟ್ಟ. ಇವರು ತಿರುಗಿಸಿ ಮುರುಗಿಸಿ ನೋಡಿ, "ಇರ್ಲಿ ಬಿಡ್ರಿ, ಎಲ್ಲಾದ್ರಲ್ಲೂ ಹಿಂಗೇ ಹಾಕ್ರಿ, ಒಂದೇ ಥರ ಇರ್ಲಿ" ಅಂದರು. ಹಾಗಾಗಿ ಒಂದಾಳು ಕೂರುವಷ್ಟು ದೊಡ್ಡ ಡಬರಿಯಲ್ಲೂ ಒಂದು ಪಿ ಕಡಿಮೆಯೇ.

ಅಕ್ಷರ ಅಕ್ಷರ ಬಿಡಿಸಿ ಹೇಳಿದರೆ ಹೆಸರು ಹೇಳಿದಂತಾಗುತ್ತದೆಯೇ? ಆಗುವುದಿಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡೆ.

"ಬರ್ಕಳಮ್ಮ. ಟಿ. ಐ. ಪಿ."

"ಟಿ ನಾ, ಡಿ ನಾ?"

"ಟಿ."

"ಪಿ ನಾ, ಬಿ ನಾ? ಅಜ್ಜಿ, ಎಲ್ಲಾ ಒಂದೇ ಥರ ಕೇಳ್ಸುತ್ತೆ!"

ಪುಷ್ಪ ಫೋನ್ ಕಿತ್ತುಕೊಂಡಳು. "ಅಮ್ಮ, ಏನ್ ಓದ್ತಿದೀಯ ನೀನು?"

"ಚೊಂಬು."

"ಯಾವ ಚೊಂಬು?"

"ಹೊಳಲ್ಕೆರೇಲಿ ತಂದಿದ್ದು. ನಿಮ್ಮಪ್ಪ ಹೆಸ್ರು ಹಾಕ್ಸಿದ್ದು."

ಆ ಕಡೆ ಅಟ್ಟದ ಮೇಲಿಂದ ಏನೋ ದೊಡ್ಡ ಪಾತ್ರೆ ಇಳಿಸಿದ ದಡಬಡ ಸದ್ದು. ಬಟ್ಟೆಯಲ್ಲಿ ಧೂಳು ಒರೆಸಿದ ಸದ್ದು. ಪುಷ್ಪ ಓದತೊಡಗಿದಳು, ನಿಧಾನವಾಗಿ. "ಟಿ, ಐ, ಪಿ, ಪಿ..."

ನನ್ನ ಕೈಯಿಂದ ಫೋನ್ ಮಾಯವಾಯಿತು. ಗಿರಿಜ! ಕೈಯೆಲ್ಲಾ ಪಾತ್ರೆ ತೊಳೆಯುವ ನೊರೆ. ಅಡುಗೆಮನೆ ಬಾಗಿಲಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಲೇ ಪುಷ್ಪ, ಒಂದೇ ಪಿ ಕಣೇ. ಸರಿಯಾಗಿ ನೋಡು. ಜಾಗ ಸಾಲ್ಲಿಲ್ಲ ಅಂತ ಅಪ್ಪ ಹೇಳ್ತಿರ್ಲಿಲ್ವ?"

ಮೂರು ವಾರದ ಮೇಲೆ ಅಕ್ಕತಂಗಿಯರು ಆಡಿದ ಮೊದಲ ಮಾತು ಇದು.

"ಹೂಂ ಕಣಕ್ಕ, ಒಂದೇ ಐತೆ. ನನ್ ಮಾರ್ಕ್ಸ್ ಕಾರ್ಡಲ್ಲಿರೋ ಎಚ್ಚೂ ಇಲ್ಲ. ಇಷ್ಟು ವರ್ಷ ನಾನು ನೋಡೇ ಇಲ್ಲ ನೋಡು."

ಅಶ್ವಿನಿ ಒಳಗೆ ಬಂದಳು. ತೆರೆಯ ಮೇಲೆ ಗುಲಾಬಿ ಬಣ್ಣ ಮೂಡಿತು. ಈಗ ಎಲ್ಲರೂ ರೆಡಿ ಅಂತ ಒತ್ತಬೇಕು. ಮೂವರು ಒತ್ತಿದರು. ನಾಲ್ಕನೆಯವರಿಗಾಗಿ ಕಾಯಲಾಗುತ್ತಿದೆ ಅಂತ ಬಂತು. ನಾಲ್ಕನೆಯವಳು ನಾನು.

"ಒತ್ತಜ್ಜಿ! ಎರಡೇ ನಿಮಿಷ ಐತೆ!"

ನನ್ನ ಬೆರಳು ಬಟನ್ ಮೇಲೇ ಇತ್ತು. ಕಿವಿ ಫೋನಿನ ಕಡೆ ಇತ್ತು. ಗಿರಿಜ ಹೇಳುತ್ತಿದ್ದಳು: "ಹಬ್ಬಕ್ಕೆ ಆ ಡಬರಿ ತಗಂಬಾರೆ. ನಂದು ಸಣ್ಣದು, ಪಾಯಸಕ್ಕೆ ಸಾಲಲ್ಲ." (ಎರಡೂ ಒಂದೇ ಅಳತೆಯವು.)

ಆ ಕಡೆ ಏನಂದಳೋ ಕೇಳಿಸಲಿಲ್ಲ. ಗಿರಿಜ ನಕ್ಕಳು.

ಒತ್ತಿದೆ.

ಆಟದ ಕಥೆ ಬೇಕೇ? ಒಂಬತ್ತನೇ ದಿನಕ್ಕೆ ಆಸ್ಟ್ರೇಲಿಯಾ ಹೋಯಿತು. ತೆಗೆದುಕೊಂಡವನು ಇಮ್ರಾನ್. "ಸಾರಿ ಅಜ್ಜಿ" ಅಂತ ಮೊದಲೇ ಬರೆದು ಕಳಿಸಿ, ಆಮೇಲೆ ತೆಗೆದುಕೊಂಡ. ಇಷ್ಟು ಮರ್ಯಾದೆಯಿಂದ ಯಾವ ದೇಶ ಯಾವ ದೇಶವನ್ನು ನುಂಗಿದೆ ಹೇಳಿ?

ಹಬ್ಬಕ್ಕೆ ಪುಷ್ಪ ಬಂದಳು, ಡಬರಿ ಸಮೇತ. ಹೋಳಿಗೆ, ಪಾಯಸ, ಅವರಿಗೆ ಇಷ್ಟ ಅಂತ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಎಡೆ ಇಟ್ಟಾಯಿತು. ನಮ್ಮ ಮನೆಯ ಪದ್ಧತಿ, ಆಮೇಲೆ ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ನಾನು ಕರೆಯುವ ಹಾಗಿಲ್ಲ.

"ನಾನು ದೊಡ್ಡೋಳು, ನಾನು ಕರೀತೀನಿ" ಅಂದಳು ಗಿರಿಜ.

"ವರ್ಷಾ ವರ್ಷಾ ನೀನೇ ಕರೀತೀಯ. ಈ ಸಲ ನಾನು" ಅಂದಳು ಪುಷ್ಪ.

ಮತ್ತೆ ಶುರು! ಬಜ್ಜಿ ಆರುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಿಂದಿನಿಂದ ದರ್ಶನ್, ಅಶ್ವಿನಿ ಇಬ್ಬರೂ ಒಂದೇ ಉಸಿರಿನಲ್ಲಿ ಕೂಗಿದರು: "ಟಿ, ಐ, ಪಿ, ಇ, ಎಸ್, ಡಬ್ಲ್ಯು, ಎ, ಎಂ, ವೈ, ಊಟಕ್ಕೆ ಬಾ ತಾತ!"

ಒಂದು ಪಿ ಕಡಿಮೆ ಅಂತ ಅವರು ಬರದೆ ಇದ್ದಾರೆಯೇ?